ಒಂದು ಸಂಗತಿಗೆ ಒಂದೇ ಮನೆ

ಕನ್ನಡ ಪಂಡಿತನಿಗೂ ಗಣಕಯಂತ್ರಕ್ಕೂ ಎಲ್ಲಿಗೆಲ್ಲಿಯ ನಂಟು ಎಂದು ನೀವು ಕೇಳಬಹುದು. ಕೇಳಿದರೆ ತಪ್ಪಿಲ್ಲ, ನಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನು ಈಗಾಗಲೇ ಹಲವು ಸಲ ಕೇಳಿಯಾಗಿದೆ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷದಿಂದ ಸಂಧಿ ಸಮಾಸಗಳನ್ನು ಹೇಳಿಕೊಡುತ್ತ ಬಂದವನು ನಾನು. ಅದರ ಜೊತೆಗೆ, ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕಾಗಿ, ಶಾಲೆಯ ದಾಖಲೆಗಳನ್ನು ಬರೆಯುವ ಕೆಲಸವೂ ಮೊದಲಿನಿಂದ ನನ್ನ ಪಾಲಿಗೇ ಬಂದಿದೆ. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಅಂಕವಹಿ, ಶುಲ್ಕದ ವಹಿ, ಪರೀಕ್ಷೆಗೆ ಕಳುಹಿಸುವ ನಾಮಾವಳಿ, ಇವೆಲ್ಲದರಲ್ಲಿಯೂ ಅದೇ ಹುಡುಗನ ಹೆಸರನ್ನು, ಅದೇ ತಂದೆಯ ಹೆಸರನ್ನು, ಅದೇ ಜನ್ಮದಿನವನ್ನು ಐದೈದು ಸಲ ಬರೆದು ನನ್ನ ಬೆರಳು ಸವೆದಿವೆ. ಐದು ಕಡೆ ಬರೆದಿಟ್ಟರೆ ಐದು ಪಟ್ಟು ಭದ್ರ ಎಂದು ಬಹಳ ಕಾಲ ನಂಬಿದ್ದೆ. ಆ ನಂಬಿಕೆ ಹೇಗೆ ಮುರಿಯಿತೆಂಬುದನ್ನು ಮೊದಲು ಹೇಳಿಬಿಡುತ್ತೇನೆ.

1998ರಲ್ಲಿ ಎಂಟನೆಯ ತರಗತಿಗೆ ಒಬ್ಬ ಹುಡುಗಿ ಸೇರಿದಳು. ಪ್ರಾಥಮಿಕ ಶಾಲೆಯ ವರ್ಗಾವಣೆ ಪತ್ರದಲ್ಲಿ ಅವಳು ಹುಟ್ಟಿದ್ದು ಜೂನ್ 12 ಎಂದಿತ್ತು. ದಾಖಲಾತಿ ಪುಸ್ತಕದಲ್ಲಿ ನಾನು 12 ಎಂದೇ ಬರೆದೆ. ಅಂಕವಹಿಗೆ ನಕಲು ಮಾಡುವಾಗ ಕೈತಪ್ಪಿ 21 ಎಂದು ಬಿತ್ತು. ಅಂಕಿಗಳು ಅವೇ ಎರಡು, ನಿಂತ ಜಾಗ ಮಾತ್ರ ಅದಲುಬದಲು. ಎರಡು ವರ್ಷದ ಮೇಲೆ ಹತ್ತನೆಯ ತರಗತಿಯ ಪರೀಕ್ಷೆಗೆ ನಾಮಾವಳಿ ಬರೆಯುವಾಗ ಮೇಜಿನ ಮೇಲೆ ಕೈಗೆ ಸಿಕ್ಕಿದ್ದು ಅಂಕವಹಿ. ಅದನ್ನೇ ನೋಡಿ ಬರೆದೆ. 2001ರಲ್ಲಿ ಅವಳು ಒಳ್ಳೆಯ ದರ್ಜೆಯಲ್ಲಿ ತೇರ್ಗಡೆಯಾದಳು. ಸಿಹಿ ತಂದು ಕೊಟ್ಟು ಕಾಲಿಗೆ ನಮಸ್ಕಾರ ಮಾಡಿ ಹೋದಳು. 2009ರಲ್ಲಿ ಒಂದು ಕೆಲಸಕ್ಕೆ ಆಯ್ಕೆಯಾಗಿ, ದಾಖಲೆಗಳನ್ನು ಪರಿಶೀಲಿಸುವ ದಿನ ಹೋಗಿ ನೋಡಿದರೆ ಅಂಕಪಟ್ಟಿಯಲ್ಲಿ ಒಂದು ದಿನ, ವರ್ಗಾವಣೆ ಪತ್ರದಲ್ಲಿ ಇನ್ನೊಂದು ದಿನ! ತಿದ್ದಿಸಲು ಅವಳು ತಿಂಗಳುಗಟ್ಟಲೆ ಅಲೆದಳು. ತಿದ್ದಿದ ಅಂಕಪಟ್ಟಿ ಕೈಗೆ ಬರುವ ಹೊತ್ತಿಗೆ ಆ ಕೆಲಸ ಪಟ್ಟಿಯಲ್ಲಿ ಅವಳ ನಂತರದವರಿಗೆ ಹೋಗಿತ್ತು.

ಅವಳು ನನ್ನನ್ನು ಆಡಿಕೊಳ್ಳಲಿಲ್ಲ. "ತಪ್ಪು ಏಕೆ ಬರೆದಿರಿ ಸಾರ್" ಎಂದೂ ಕೇಳಲಿಲ್ಲ. "ಎರಡು ಕಡೆ ಏಕೆ ಬರೆದಿರಿ ಸಾರ್?" ಎಂದು ಕೇಳಿದಳು. ಉತ್ತರ ಹೇಳಲು ಆಗ ನನಗೆ ತೋಚಲಿಲ್ಲ. ಎಲ್ಲರೂ ಬರೆಯುತ್ತಾರೆ, ನಾನೂ ಬರೆದೆ, ಅಷ್ಟೆ.

ಆ ಹುಡುಗಿ ಕೇಳಿದ ಪ್ರಶ್ನೆಯ ಮೇಲೆಯೇ ಒಂದು ಶಾಸ್ತ್ರ ನಿಂತಿದೆಯೆಂಬುದು ನನಗೆ ಗೊತ್ತಾದದ್ದು ಹೋದ ಬೇಸಗೆಯ ರಜೆಯಲ್ಲಿ. ಶಾಲೆಯ ಹಳೆಯ ದಾಖಲೆಗಳನ್ನೆಲ್ಲ ಗಣಕಕ್ಕೆ ಏರಿಸಬೇಕೆಂದು ಮುಖ್ಯೋಪಾಧ್ಯಾಯರು ತೀರ್ಮಾನಿಸಿದರು. ಕೆಲಸ ನನಗೆ ಬಂತು; ಅದನ್ನು ಕಲಿಸುವ ಕೆಲಸ ನಮ್ಮ ಗಣಿತದ ಉಪಾಧ್ಯಾಯಿನಿಗೆ ಬಂತು. ಆಕೆ ಇದೇ ಶಾಲೆಯಲ್ಲಿ ನನ್ನ ಬಳಿ ಕನ್ನಡ ಓದಿದವಳು. ಗಣಕದಲ್ಲಿ ಮಾಹಿತಿಯನ್ನು ಕ್ರಮವಾಗಿ ಕೂಡಿಡುವುದಕ್ಕೆ ಡೇಟಾಬೇಸ್ ಎನ್ನುತ್ತಾರೆ, ಕನ್ನಡದಲ್ಲಿ ದತ್ತಸಂಚಯ ಎಂಬ ಮಾತು ಬಳಕೆಗೆ ಬಂದಿದೆ. ಅದನ್ನು ಕಟ್ಟುವುದಕ್ಕೆ ಮೊದಲು ನಕ್ಷೆ ಹಾಕಿಕೊಳ್ಳಬೇಕು, ಮನೆ ಕಟ್ಟುವವರು ಹಾಕಿಕೊಳ್ಳುವ ಹಾಗೆ. ನಾನು ಬಹಳ ಉತ್ಸಾಹದಿಂದ ಒಂದು ದೊಡ್ಡ ಹಾಳೆಯ ತುಂಬ ಗೆರೆ ಎಳೆದು ನನ್ನ ನಕ್ಷೆಯನ್ನು ಆಕೆಯ ಮುಂದೆ ಹರಡಿದೆ.

ನನ್ನ ಹಾಳೆ ಹೀಗಿತ್ತು. ಒಬ್ಬ ವಿದ್ಯಾರ್ಥಿಗೆ ಆರು ವಿಷಯ, ಆದ್ದರಿಂದ ಆರು ಸಾಲು. ಪ್ರತಿಯೊಂದು ಸಾಲಿನಲ್ಲಿಯೂ ಅವನ ಹೆಸರು, ತಂದೆಯ ಹೆಸರು, ಜನ್ಮದಿನ, ವಿಳಾಸ, ತರಗತಿ, ತರಗತಿಯ ಅಧ್ಯಾಪಕರು, ವಿಷಯ, ಆ ವಿಷಯವನ್ನು ಹೇಳುವವರು, ಬಂದ ಅಂಕ. ಎಲ್ಲವೂ ಒಂದೇ ಕಡೆ! ಪುಸ್ತಕ ಹುಡುಕುವ ಕಷ್ಟವೇ ಇಲ್ಲ ಎಂದು ಬೀಗುತ್ತಿದ್ದೆ.

ಆಕೆ ಹಾಳೆಯನ್ನು ನೋಡಿ ನಕ್ಕಳು. "ಸಾರ್, ಈ ಹುಡುಗನ ತಂದೆ ಮನೆ ಬದಲಾಯಿಸಿದರು ಅನ್ನಿ" ಎಂದಳು. ಆರು ಸಾಲಿನಲ್ಲಿಯೂ ವಿಳಾಸ ತಿದ್ದಬೇಕು. ಐದನ್ನು ತಿದ್ದಿ ಒಂದನ್ನು ಮರೆತರೆ ಹುಡುಗ ಎರಡು ಕಡೆ ವಾಸವಾಗಿರುತ್ತಾನೆ, ಯಂತ್ರ ಎರಡನ್ನೂ ನಂಬುತ್ತದೆ. "ಸರಿ, ಜೂನ್ ತಿಂಗಳಲ್ಲಿ ಸಂಸ್ಕೃತಕ್ಕೆ ಹೊಸ ಮೇಷ್ಟ್ರು ಬಂದರು. ಇನ್ನೂ ಯಾವ ಮಗುವೂ ಸಂಸ್ಕೃತ ತೆಗೆದುಕೊಂಡಿಲ್ಲ. ಅವರನ್ನು ಯಾವ ಸಾಲಿನಲ್ಲಿ ಬರೆಯುತ್ತೀರಿ?" ಬರೆಯಲು ಸಾಲೇ ಇಲ್ಲ, ಮೇಷ್ಟ್ರು ಬಾಗಿಲಲ್ಲಿ ನಿಂತೇ ಇರಬೇಕು. "ಆಮೇಲೆ ಒಬ್ಬಳೇ ಹುಡುಗಿ ಸಂಸ್ಕೃತಕ್ಕೆ ಸೇರಿದಳು. ಅರ್ಧ ವರ್ಷಕ್ಕೆ ಅವಳ ತಂದೆಗೆ ವರ್ಗವಾಯಿತು. ಅವಳ ಸಾಲುಗಳನ್ನು ಅಳಿಸಿದಿರಿ. ಏನಾಯಿತು?" ಏನಾಯಿತೆಂದರೆ, ನಮ್ಮ ಶಾಲೆಯಲ್ಲಿ ಸಂಸ್ಕೃತವೆಂಬ ವಿಷಯವಿದೆ, ಅದನ್ನು ಇಂಥವರು ಹೇಳುತ್ತಾರೆ ಎಂಬ ಸಂಗತಿಯೂ ಆ ಸಾಲಿನೊಡನೆ ಅಳಿಸಿಹೋಯಿತು. ಹುಡುಗಿ ಹೋಗುವಾಗ ಮೇಷ್ಟ್ರನ್ನೂ ಕರೆದುಕೊಂಡು ಹೋದಳು!

ತಿದ್ದಿದರೆ ಒಂದು ಕಷ್ಟ, ಸೇರಿಸಿದರೆ ಒಂದು, ಅಳಿಸಿದರೆ ಮತ್ತೊಂದು. ಮೂರಕ್ಕೂ ಕಾರಣ ಒಂದೇ: ನಾಲ್ಕಾರು ಬೇರೆ ಬೇರೆ ವಸ್ತುಗಳ ಸಂಗತಿಗಳನ್ನು ಒಂದೇ ಸಾಲಿಗೆ ಕಟ್ಟಿಹಾಕಿದ್ದು.

ಈ ರೋಗವನ್ನು ಗುರುತಿಸಿ ಇದಕ್ಕೆ ಗಣಿತದ ತಳಹದಿಯ ಮೇಲೆ ಚಿಕಿತ್ಸೆ ಹೇಳಿದ ಮಹನೀಯರು ಎಡ್ಗರ್ ಕಾಡ್. ಅವರು 1923ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್‌ಲೆಂಡಿನಲ್ಲಿ ಹುಟ್ಟಿದರು. ಆಕ್ಸ್‌ಫರ್ಡಿನಲ್ಲಿ ಗಣಿತ ಓದಿದರು. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿದರು. ಆಮೇಲೆ ಅಮೆರಿಕಕ್ಕೆ ಹೋಗಿ ಐ.ಬಿ.ಎಂ. ಸಂಸ್ಥೆಯನ್ನು ಸೇರಿದರು. 1970ರ ಜೂನ್ ತಿಂಗಳಲ್ಲಿ, ಬಹಳ ಮಂದಿ ಹಂಚಿಕೊಂಡು ಬಳಸುವ ದೊಡ್ಡ ದತ್ತನಿಧಿಗಳಿಗೆ ಎಂಥ ಮಾದರಿ ಇರಬೇಕೆಂಬುದನ್ನು ಕುರಿತು ಹನ್ನೊಂದು ಪುಟಗಳ ಒಂದು ಲೇಖನ ಬರೆದರು. ಇಂದು ಬ್ಯಾಂಕಿನಲ್ಲಿ ನಿಮ್ಮ ಖಾತೆ, ರೈಲಿನಲ್ಲಿ ನೀವು ಕಾದಿರಿಸುವ ಆಸನ, ಇಂಥವೆಲ್ಲ ಬಹುಮಟ್ಟಿಗೆ ಆ ಹನ್ನೊಂದು ಪುಟಗಳ ದಾರಿಯಲ್ಲಿಯೇ ನಡೆಯುತ್ತಿವೆ. 1981ರಲ್ಲಿ ಗಣಕಶಾಸ್ತ್ರದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು. 2003ರಲ್ಲಿ ತೀರಿಕೊಂಡರು.

ಅವರಿಗಿಂತ ಮೊದಲು ಗಣಕದಲ್ಲಿ ಮಾಹಿತಿ ಇರಲಿಲ್ಲವೆ? ಇತ್ತು. ಚಂದ್ರನಲ್ಲಿಗೆ ಮನುಷ್ಯನನ್ನು ಕಳುಹಿಸಿದ ಅಪೋಲೋ ಕಾರ್ಯಕ್ರಮದ ಅಸಂಖ್ಯ ಬಿಡಿಭಾಗಗಳ ಲೆಕ್ಕ ಇಡಲೆಂದು ಅದೇ ಐ.ಬಿ.ಎಂ. ಸಂಸ್ಥೆ 1960ರ ದಶಕದಲ್ಲಿ ಐ.ಎಂ.ಎಸ್. ಎಂಬ ವ್ಯವಸ್ಥೆಯನ್ನು ಕಟ್ಟಿತ್ತು. ಅದು ಮರದ ಹಾಗೆ: ಬುಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ. ಬೇಕಾದ ಸಂಗತಿ ಸಿಕ್ಕಬೇಕಾದರೆ ಅಲ್ಲಿಗೆ ಹೋಗುವ ದಾರಿ ಗೊತ್ತಿರಬೇಕು. ನಮ್ಮ ಹಳೆಯ ಪೇಟೆಯಲ್ಲಿ ವಿಳಾಸ ಹೇಳುವಂತೆ ಎನ್ನಿ: ಅರಳಿಕಟ್ಟೆಯ ಹತ್ತಿರ ಎಡಕ್ಕೆ ತಿರುಗಿ, ಹಿಟ್ಟಿನ ಗಿರಣಿ ದಾಟಿ, ಮೂರನೆಯ ಬಾಗಿಲು. ಗಿರಣಿ ಮುಚ್ಚಿದ ದಿನ ಮನೆ ಕಳೆದುಹೋಗುತ್ತದೆ. ಕಾಡ್ ಅವರು ದಾರಿಯನ್ನು ಹೇಳುವುದು ಬೇಡ, ಹೆಸರನ್ನು ಹೇಳಿದರೆ ಸಾಕು ಎಂದರು. ಏನು ಬೇಕೆಂದು ಕೇಳುವುದು ನಮ್ಮ ಕೆಲಸ, ಯಾವ ದಾರಿಯಲ್ಲಿ ಹೋಗಿ ತರಬೇಕೆಂಬುದು ಯಂತ್ರದ ಪಾಡು. ಹಾಗೆ ಕೇಳುವುದಕ್ಕೆ ಒಂದು ಭಾಷೆಯೂ ಹುಟ್ಟಿತು. 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು ಅದನ್ನು ಪ್ರಕಟಿಸಿದರು. ಅದೇ ಬೆಳೆದು ಈಗ ಎಸ್.ಕ್ಯು.ಎಲ್. ಎಂದು ಎಲ್ಲೆಲ್ಲಿಯೂ ಬಳಕೆಯಲ್ಲಿದೆ.

ಕಾಡ್ ಅವರ ಮಾದರಿಗೆ ಸಂಬಂಧಾತ್ಮಕ ಎಂದು ಹೆಸರು. ಶಬ್ದಾರ್ಥದ ವಿಚಾರ ಬಂದರೆ ಪಂಡಿತನಿಗೆ ಸುಮ್ಮನಿರಲಾಗದು, ಸ್ವಲ್ಪ ಸಹಿಸಿಕೊಳ್ಳಿ. ಕೋಷ್ಟಕಕ್ಕೂ ಕೋಷ್ಟಕಕ್ಕೂ ಇರುವ ನಂಟಿನಿಂದ ಈ ಹೆಸರು ಬಂತೆಂದು ಅನೇಕರು ತಿಳಿಯುತ್ತಾರೆ, ನಾನೂ ತಿಳಿದಿದ್ದೆ. ಅದು ಹಾಗಲ್ಲ. ಗಣಿತದಲ್ಲಿ ಸಂಬಂಧವೆಂದರೆ ಆ ಕೋಷ್ಟಕವೇ. ಈ ದಾಖಲಾತಿ ಸಂಖ್ಯೆ, ಈ ಹೆಸರು, ಈ ಜನ್ಮದಿನ, ಇವು ಒಂದಕ್ಕೊಂದು ಸೇರಿದವು ಎಂದು ಒಂದು ಸಾಲು ಹೇಳುತ್ತದೆ. ಅಂಥ ಸಾಲುಗಳ ಸಮೂಹವೇ ಸಂಬಂಧ. ಸಮೂಹವೆಂದ ಮೇಲೆ ಅದರಲ್ಲಿ ಮೊದಲು ಕೊನೆ ಎಂಬುದಿಲ್ಲ, ಸಾಲುಗಳನ್ನು ಹೇಗೆ ಕಲಸಿದರೂ ಅರ್ಥ ಅದೇ. ಒಂದೇ ಸಾಲು ಎರಡು ಸಲ ಬರುವಂತೆಯೂ ಇಲ್ಲ.

ಇನ್ನು ರಚನೆಯ ಕ್ರಮಕ್ಕೆ ಬರೋಣ. ಕೋಷ್ಟಕಗಳನ್ನು ಶುದ್ಧಿಮಾಡುವ ಹಂತಗಳಿಗೆ ಇಂಗ್ಲಿಷಿನಲ್ಲಿ ನಾರ್ಮಲ್ ಫಾರಂ ಎನ್ನುತ್ತಾರೆ. ನಾನು ಮನಸ್ಸಿನಲ್ಲಿ ಅವಕ್ಕೆ ಸಂಸ್ಕಾರಗಳೆಂದು ಹೆಸರಿಟ್ಟುಕೊಂಡಿದ್ದೇನೆ. ಮೂರು ಮುಖ್ಯವಾದವು. ಅದರಾಚೆಗೂ ಇವೆ, ಹೈಸ್ಕೂಲಿನ ಮಟ್ಟಕ್ಕೆ ಮೂರು ಸಾಕು.

ಮೊದಲನೆಯದು ಸುಲಭ: ಒಂದು ಚೌಕದಲ್ಲಿ ಒಂದೇ ಸಂಗತಿ ಇರಬೇಕು. ನಾನು ಫೋನಿನ ಕಾಲಂನಲ್ಲಿ ತಂದೆಯದು, ತಾಯಿಯದು, ಪಕ್ಕದ ಅಂಗಡಿಯದು ಎಂದು ಮೂರು ಸಂಖ್ಯೆ ತುರುಕಿದ್ದೆ. ಆಮೇಲೆ ಒಂದು ಸಂಖ್ಯೆಯನ್ನು ಕೊಟ್ಟು ಇದು ಯಾರದೆಂದು ಕೇಳಿದರೆ ಹುಡುಕುವುದು ಹೇಗೆ? ಹೆಸರಿನ ವಿಷಯದಲ್ಲಂತೂ ನಮ್ಮ ಪದ್ಧತಿ ಯಂತ್ರಕ್ಕೆ ತಲೆನೋವು. ಕೆ. ಮಂಜುನಾಥ, ಮಂಜುನಾಥ ಕೆ., ಕೆ. ಎಂದರೆ ಊರೋ ತಂದೆಯೋ ತಿಳಿಯದ ಮಂಜುನಾಥ, ಇವರು ಮೂವರೂ ಯಂತ್ರಕ್ಕೆ ಮೂರು ಜನ.

ಅಲ್ಲಿಂದ ಕೀಲಿಯ ಪ್ರಶ್ನೆ ಹುಟ್ಟುತ್ತದೆ. ಒಂದು ಸಾಲನ್ನು ಮಿಕ್ಕೆಲ್ಲ ಸಾಲುಗಳಿಂದ ಬೇರ್ಪಡಿಸಿ ತೋರಿಸುವುದು ಯಾವುದೋ ಅದು ಕೀಲಿ. ಹೆಸರು ಕೀಲಿಯಾಗಲಾರದು, ನಮ್ಮಲ್ಲಿ ಒಂದು ವರ್ಷ ಹತ್ತನೆಯ ತರಗತಿಯಲ್ಲಿಯೇ ಐದು ಜನ ಮಂಜುನಾಥರಿದ್ದರು. ಮೊಬೈಲ್ ಸಂಖ್ಯೆಯಾದೀತೆ ಎಂದು ಕೇಳಿದೆ. ಅಣ್ಣ ತಂಗಿ ಇಬ್ಬರೂ ಶಾಲೆಯಲ್ಲಿದ್ದರೆ ಇಬ್ಬರಿಗೂ ಒಂದೇ ಸಂಖ್ಯೆ. ಅಲ್ಲದೆ ವರ್ಷಕ್ಕೊಂದು ಸಲ ಬದಲಾಗುವುದು ಕೀಲಿಯಾದರೆ ಮನೆಯ ಬೀಗವನ್ನೇ ದಿನಕ್ಕೊಂದು ಸಲ ಬದಲಾಯಿಸಿದಂತೆ. ಕೊನೆಗೆ ನಿಂತದ್ದು ಹಳೆಯ ದಾಖಲಾತಿ ಸಂಖ್ಯೆ. ಶಾಲೆ ಶುರುವಾದಂದಿನಿಂದ ಒಂದರ ಮೇಲೊಂದು ಏರುತ್ತ ಬಂದಿರುವ ಆ ಸಂಖ್ಯೆಗೆ ಅರ್ಥವೇನೂ ಇಲ್ಲ, ಅದಕ್ಕೇ ಅದು ಎಂದಿಗೂ ಬದಲಾಗಬೇಕಾಗಿಲ್ಲ. ಆ ಪುಸ್ತಕವನ್ನು ಮೊದಲು ತೆರೆದ ಹಿರಿಯರಿಗೆ ಗಣಕದ ಗಂಧವಿರಲಿಲ್ಲ, ಆದರೆ ಕೀಲಿಯ ಗುಟ್ಟು ಗೊತ್ತಿತ್ತು.

ಕೆಲವು ಕಡೆ ಒಂದು ಅಂಶ ಕೀಲಿಯಾಗುವುದಕ್ಕೆ ಸಾಲದು, ಎರಡು ಮೂರು ಕೂಡಬೇಕು. ಜಮೀನು ಇರುವವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಸರ್ವೆ ನಂಬರ್ 45 ಎಂದರೆ ಯಾವ ಜಮೀನು? ಹಿಸ್ಸಾ ನಂಬರನ್ನೂ ಹೇಳಬೇಕು. ಅಷ್ಟೇ ಹೇಳಿದರೆ ಸಾಲದು, ಯಾವ ಗ್ರಾಮ, ಯಾವ ಹೋಬಳಿ, ಯಾವ ತಾಲ್ಲೂಕು ಎಂದೂ ಹೇಳಬೇಕು. ಎಲ್ಲ ಸೇರಿದಾಗ ಮಾತ್ರ ಒಂದು ತುಂಡು ನೆಲ ನಿಶ್ಚಯವಾಗುತ್ತದೆ. ನಮ್ಮ ರಾಜ್ಯದ ಪಹಣಿಗಳು 'ಭೂಮಿ' ಯೋಜನೆಯಲ್ಲಿ ಗಣಕಕ್ಕೆ ಬಂದಾಗ ಈ ಕೂಡುಕೀಲಿ ಮೊದಲೇ ಸಿದ್ಧವಾಗಿತ್ತು.

ಇನ್ನು ಅಂಕದ ವಿಚಾರ. "ಸಾರ್, ಅಂಕ ಯಾರದು?" ಎಂದು ನನ್ನ ಶಿಷ್ಯೆ ಕೇಳಿದಳು. ವಿದ್ಯಾರ್ಥಿಯದು ಎಂದೆ. ಯಾವ ವಿಷಯದ್ದೆಂದು ಹೇಳದೆ 72 ಎಂದರೆ ಏನರ್ಥ? ಹಾಗಾದರೆ ವಿಷಯದ್ದು ಎಂದೆ. ಗಣಿತಕ್ಕೆ 72 ಬಂತು ಎಂದರೆ ಗಣಿತವೇ ಪರೀಕ್ಷೆಗೆ ಕುಳಿತಿತ್ತೆ? ಅಂಕ ಇವನದೂ ಅಲ್ಲ, ಅದರದೂ ಅಲ್ಲ. ಇವನು ಅದನ್ನು ಇಂಥ ಪರೀಕ್ಷೆಯಲ್ಲಿ ಬರೆದ ಎಂಬ ಘಟನೆಯದು. ಆದ್ದರಿಂದ ಅದಕ್ಕೆ ಪ್ರತ್ಯೇಕ ಕೋಷ್ಟಕ ಬೇಕು: ದಾಖಲಾತಿ ಸಂಖ್ಯೆ, ವಿಷಯದ ಸಂಖ್ಯೆ, ಪರೀಕ್ಷೆ, ಅಂಕ. ಮೊದಲ ಮೂರೂ ಕೂಡಿ ಕೀಲಿ. ಅಲ್ಲಿ ಹುಡುಗನ ಹೆಸರಿಲ್ಲ, ತಂದೆಯ ಹೆಸರಿಲ್ಲ, ಜನ್ಮದಿನವಂತೂ ಇಲ್ಲವೇ ಇಲ್ಲ. ಅವು ಬೇಕಾದಾಗ ದಾಖಲಾತಿ ಸಂಖ್ಯೆಯನ್ನು ಹಿಡಿದುಕೊಂಡು ವಿದ್ಯಾರ್ಥಿಯ ಕೋಷ್ಟಕಕ್ಕೆ ಹೋಗಿ ನೋಡಿಕೊಳ್ಳಬೇಕು. 1998ರಲ್ಲಿ ನನ್ನ ಅಂಕವಹಿಯಲ್ಲಿ ಜನ್ಮದಿನದ ಕಾಲಮ್ಮೇ ಇರದಿದ್ದರೆ 21 ಎಂದು ಬರೆಯಲು ಜಾಗವೆಲ್ಲಿತ್ತು? ಈ ಮಾತನ್ನು ಆಕೆ ಹೇಳಿಕೊಡುತ್ತಿದ್ದಾಗ ನಾನು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡುತ್ತ ಕುಳಿತಿದ್ದೆ.

ವಸ್ತು ಯಾವುದು, ಸಂಬಂಧ ಯಾವುದು ಎಂದು ಗುರುತಿಸುವುದು ಕಷ್ಟವೆನಿಸಿದರೆ ವ್ಯಾಕರಣ ನೆರವಿಗೆ ಬರುತ್ತದೆ. ಇದು ನನ್ನ ಸ್ವಂತ ಜಂಭವಲ್ಲ. 1976ರಲ್ಲಿ ವಸ್ತುಗಳನ್ನೂ ಅವುಗಳ ಸಂಬಂಧಗಳನ್ನೂ ಚಿತ್ರದಲ್ಲಿ ಬರೆಯುವ ಕ್ರಮವನ್ನು ಪೀಟರ್ ಚೆನ್ ಎಂಬ ವಿದ್ವಾಂಸರು ಪ್ರಕಟಿಸಿದರು. ಮುಂದೆ ಅವರೇ ಇಂಗ್ಲಿಷ್ ವಾಕ್ಯರಚನೆಗೂ ಈ ಚಿತ್ರಕ್ಕೂ ಹೊಂದಿಕೆ ತೋರಿಸಿದರು. ನಿಮ್ಮ ವ್ಯವಹಾರವನ್ನು ವಾಕ್ಯಗಳಲ್ಲಿ ಬರೆಯಿರಿ. 'ವಿದ್ಯಾರ್ಥಿಯು ವಿಷಯವನ್ನು ಓದುತ್ತಾನೆ.' 'ಅಧ್ಯಾಪಕರು ವಿಷಯವನ್ನು ಬೋಧಿಸುತ್ತಾರೆ.' ನಾಮಪದಗಳು ವಸ್ತುಗಳು, ಸಕರ್ಮಕ ಕ್ರಿಯಾಪದಗಳು ಸಂಬಂಧಗಳು, ವಿಶೇಷಣಗಳು ಆ ವಸ್ತುಗಳ ಗುಣಗಳು. ಮೂವತ್ತು ವರ್ಷ ಕರ್ತೃ ಕರ್ಮ ಕ್ರಿಯೆ ಎಂದು ಕೂಗಿ ಹೇಳಿದ್ದು ಇಷ್ಟು ದಿನದ ಮೇಲೆ ಹೀಗೆ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಎರಡನೆಯ ಮೂರನೆಯ ಸಂಸ್ಕಾರಗಳಿಗೆ ಒಂದೇ ಪರೀಕ್ಷೆ. ಹಳ್ಳಿಗೆ ಹೊಸಬ ಬಂದರೆ ಹಿರಿಯರು ಕೇಳುವುದಿಲ್ಲವೆ, "ನೀನು ಯಾರ ಮನೆಯವನಪ್ಪಾ?" ಎಂದು? ಪ್ರತಿಯೊಂದು ಕಾಲಂಅನ್ನೂ ಹಾಗೆ ಕೇಳಬೇಕು. ಅಂಕದ ಕೋಷ್ಟಕದಲ್ಲಿ ವಿಷಯದ ಹೆಸರು ಕುಳಿತಿದ್ದರೆ ಕೇಳಿ. ಅದು ಕೂಡುಕೀಲಿಯ ಪೂರ್ತಿಗೆ ಸೇರಿದ್ದಲ್ಲ, ವಿಷಯದ ಸಂಖ್ಯೆ ಎಂಬ ತುಂಡಿಗೆ ಮಾತ್ರ ಸೇರಿದ್ದು; ಅದರ ಮನೆ ವಿಷಯದ ಕೋಷ್ಟಕ, ಅಲ್ಲಿಗೇ ಕಳುಹಿಸಿ. ಇದು ಎರಡನೆಯದು. ವಿದ್ಯಾರ್ಥಿಯ ಕೋಷ್ಟಕದಲ್ಲಿ ತರಗತಿಯ ಅಧ್ಯಾಪಕರ ಹೆಸರಿದ್ದರೆ ಅದನ್ನೂ ಕೇಳಿ. ಅದು ವಿದ್ಯಾರ್ಥಿಯನ್ನು ಅವಲಂಬಿಸಿದ್ದಲ್ಲ, ಅವನಿರುವ ವಿಭಾಗವನ್ನು ಅವಲಂಬಿಸಿದ್ದು. ವಿಭಾಗದ ಮೂಲಕ ಒಳಗೆ ನುಸುಳಿ ಬಂದ ನೆಂಟ. ಅದನ್ನೂ ಅದರ ಮನೆಗೆ ಕಳುಹಿಸಿ. ಇದು ಮೂರನೆಯದು. ಹೀಗೆ ಕೇಳುತ್ತ ಹೋದಾಗ ನನಗೊಂದು ಆಶ್ಚರ್ಯ ಕಾದಿತ್ತು. ವಿಭಾಗವಾದರೂ ವಿದ್ಯಾರ್ಥಿಯದೆ? ಈ ವರ್ಷ ಎಂಟನೆಯ ತರಗತಿಯ 'ಎ' ವಿಭಾಗ, ಮುಂದಿನ ವರ್ಷ ಒಂಬತ್ತನೆಯದರ 'ಬಿ' ವಿಭಾಗ. ಹಳೆಯದನ್ನು ಅಳಿಸಿ ಹೊಸದನ್ನು ಬರೆದರೆ ಎಂಟರಲ್ಲಿ ಎಲ್ಲಿದ್ದನೆಂಬುದು ಗಾಳಿಗೆ ಹೋಯಿತು. ಅದು ವಿದ್ಯಾರ್ಥಿಗೂ ವರ್ಷಕ್ಕೂ ಸೇರಿ ಇರುವ ಸಂಗತಿ. ಅದಕ್ಕೊಂದು ಮನೆ.

ಕೊನೆಗೆ ನನ್ನ ಒಂದು ದೊಡ್ಡ ಹಾಳೆ ಏಳು ಕೋಷ್ಟಕಗಳಾಯಿತು: ವಿದ್ಯಾರ್ಥಿ, ಅಧ್ಯಾಪಕ, ವಿಷಯ, ವರ್ಷವಾರು ವಿಭಾಗ, ವಿದ್ಯಾರ್ಥಿ ಯಾವ ವರ್ಷ ಯಾವ ವಿಭಾಗ, ಯಾವ ವಿಭಾಗಕ್ಕೆ ಯಾವ ವಿಷಯ ಯಾರು, ಮತ್ತು ಅಂಕ. ಸಂಸ್ಕೃತದ ಮೇಷ್ಟ್ರಿಗೆ ಈಗ ಶಿಷ್ಯರಿಲ್ಲದಿದ್ದರೂ ಕುರ್ಚಿಯಿದೆ.

ಒಂದನ್ನು ಏಳು ಮಾಡಿದ್ದು ಸರಳವೊ ಗೊಂದಲವೊ ಎಂದು ನಿಮಗೆ ಅನ್ನಿಸಬಹುದು. ನನಗೆ ಪಾಣಿನಿ ನೆನಪಾದ. ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಭಾಷೆಯನ್ನು ಕಟ್ಟಿಟ್ಟವನು ಅವನು. ಧಾತುಗಳನ್ನು ಸೂತ್ರಗಳ ನಡುವೆ ತುಂಬಲಿಲ್ಲ. ಅವಕ್ಕೆ ಧಾತುಪಾಠವೆಂಬ ಬೇರೆ ಪಟ್ಟಿ. ಒಂದೇ ಬಗೆಯ ಶಬ್ದಗಳಿಗೆ ಗಣಪಾಠವೆಂಬ ಇನ್ನೊಂದು ಪಟ್ಟಿ. ಸರ್ವನಾಮಗಳ ವಿಷಯ ಹೇಳಬೇಕಾದಾಗ ಅಷ್ಟನ್ನೂ ಮತ್ತೆ ಎಣಿಸದೆ, ಗಣದ ಮೊದಲ ಶಬ್ದವನ್ನು ಹಿಡಿದು 'ಸರ್ವಾದಿ' ಎಂದುಬಿಡುತ್ತಾನೆ. ಪಟ್ಟಿ ಒಂದು ಕಡೆ, ಅದನ್ನು ಬೆರಳಿಟ್ಟು ತೋರಿಸುವ ಗುರುತು ಬೇಕಾದ ಕಡೆ. ಪಾಣಿನಿಯ ಕಾಲದಲ್ಲಿ ಗಣಕವಿತ್ತೆಂದು ವಾದಿಸುವ ಗುಂಪಿಗೆ ನಾನು ಸೇರಿದವನಲ್ಲ. ಒಂದೇ ಕಷ್ಟಕ್ಕೆ ಇಬ್ಬರು ಬುದ್ಧಿವಂತರು ಬೇರೆ ಬೇರೆ ಕಾಲದಲ್ಲಿ ಒಂದೇ ಉಪಾಯ ಕಂಡರೆ ಸಂತೋಷಪಡಬೇಕು, ಅಷ್ಟೆ.

ಗುರುತಿನ ಮೂಲಕ ತೋರಿಸುವಾಗ ಒಂದು ಎಚ್ಚರ ಬೇಕು. ತೋರಿಸಿದ ಕಡೆ ವಸ್ತು ಇರಲೇಬೇಕು. ದಾಖಲಾತಿ ಸಂಖ್ಯೆ 4310ರ ಹುಡುಗ ವಿದ್ಯಾರ್ಥಿಗಳ ಕೋಷ್ಟಕದಲ್ಲಿ ಇಲ್ಲದೆ ಇದ್ದರೆ, ಅವನ ಹೆಸರಿನಲ್ಲಿ ಅಂಕ ಬರೆಯಲು ಹೋದಾಗ ಯಂತ್ರ ಒಪ್ಪಬಾರದು. ಅಂಕವಿರುವ ಹುಡುಗನನ್ನು ಅಳಿಸಲು ಹೋದರೂ ಒಪ್ಪಬಾರದು. ಈ ಕಾವಲನ್ನು ರಚನೆಯಲ್ಲಿಯೇ ಹಾಕಿಡಬಹುದು. ಹಾಗೆಯೇ ಖಾಲಿ ಚೌಕದ ಬಗ್ಗೆಯೂ ಮೊದಲೇ ಯೋಚಿಸಿಡಬೇಕು. ಅಂಕದ ಚೌಕ ಖಾಲಿಯಿದ್ದರೆ ಏನರ್ಥ? ಸೊನ್ನೆ ಬಂತೆ, ಪರೀಕ್ಷೆಗೆ ಬರಲಿಲ್ಲವೆ, ಉತ್ತರಪತ್ರಿಕೆ ಇನ್ನೂ ತಿದ್ದಿಲ್ಲವೆ? ಜ್ವರ ಬಂದು ಮಲಗಿದ್ದ ಹುಡುಗನಿಗೆ ಸೊನ್ನೆ ಎಂದು ಲೆಕ್ಕ ಹಾಕಿ ಸರಾಸರಿ ತೆಗೆದರೆ ಅನ್ಯಾಯ. ನಾವು ಹಾಜರು, ಗೈರುಹಾಜರು ಎಂಬುದಕ್ಕೆ ಬೇರೆ ಕಾಲಂ ಇಟ್ಟೆವು.

ಇಷ್ಟು ಕಲಿತ ಮೇಲೆ ನನಗೆ ಹೊಸದಾಗಿ ಮಡಿ ಕಲಿತವನ ಹುಚ್ಚು ಹಿಡಿಯಿತು. ಎರಡು ಕಡೆ ಕಂಡದ್ದನ್ನೆಲ್ಲ ಒಂದು ಕಡೆಯಿಂದ ಕಿತ್ತುಹಾಕತೊಡಗಿದೆ. ಶುಲ್ಕದ ವಹಿಯಲ್ಲಿ ಹುಡುಗ ಕಟ್ಟಿದ ಹಣವನ್ನು ಮತ್ತೆ ಬರೆಯುವುದೇಕೆ, ಶುಲ್ಕದ ದರ ಬೇರೆ ಕೋಷ್ಟಕದಲ್ಲಿದೆಯಲ್ಲ ಎಂದೆ. ಶಿಷ್ಯೆ ತಡೆದಳು. "ಮುಂದಿನ ವರ್ಷ ದರ ಏರಿದರೆ, ಹೋದ ವರ್ಷದ ರಶೀತಿಗಳೂ ತಾವಾಗಿಯೇ ಏರಿಬಿಡುತ್ತವೆ ಸಾರ್." ನಿಜ. ಇಂದಿನ ದರ ಒಂದು ಸಂಗತಿ, ಆ ದಿನ ಕಟ್ಟಿದ ಹಣ ಇನ್ನೊಂದು ಸಂಗತಿ. ಅಂಕಿ ಒಂದೇ ಆಗಿರುವುದು ಆಕಸ್ಮಿಕ. ದಿನಸಿ ಅಂಗಡಿಯವನು ಬಿಲ್ಲಿನಲ್ಲಿ ಆ ದಿನದ ಬೆಲೆ ಬರೆದಿಡುವುದೂ ಇದಕ್ಕೇ. ನೋಡುವುದಕ್ಕೆ ಒಂದೇ ಆಗಿರುವ ಎರಡು ಸಂಗತಿಗಳನ್ನು ಒಂದು ಮಾಡುವುದು, ಒಂದೇ ಸಂಗತಿಯನ್ನು ಎರಡು ಕಡೆ ಬರೆಯುವುದಕ್ಕಿಂತ ಕಡಿಮೆ ತಪ್ಪಲ್ಲ. ಈ ವಿವೇಕವನ್ನು ಯಂತ್ರ ಕೊಡುವುದಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಅಂದು ನಾನು ದಾಖಲಾತಿ ಪುಸ್ತಕದಲ್ಲಿಯೇ, ಒಂದೇ ಕಡೆಯಲ್ಲಿಯೇ, 21 ಎಂದು ಬರೆದಿದ್ದರೆ? ಎಲ್ಲ ಪತ್ರಗಳಲ್ಲಿಯೂ 21 ಬರುತ್ತಿತ್ತು. ಎಲ್ಲವೂ ತಪ್ಪು, ಆದರೆ ಎಲ್ಲವೂ ಒಂದೇ ತಪ್ಪು. ಒಳ್ಳೆಯ ರಚನೆ ವಿರೋಧವನ್ನು ತಡೆಯುತ್ತದೆ, ಸತ್ಯವನ್ನು ಕಾಯುವುದಿಲ್ಲ. ಬರೆದದ್ದನ್ನು ತಂದೆತಾಯಿಗೆ ಓದಿ ಹೇಳಿ ಹೌದೆನ್ನಿಸಿಕೊಳ್ಳುವ ಕೆಲಸ ಮನುಷ್ಯನದೇ. ಈಗ ಹೆಸರು ಏರಿಸುವಾಗ ಜನ್ಮದಿನವನ್ನು ಗಟ್ಟಿಯಾಗಿ ಓದುತ್ತೇನೆ. ಒಂದೇ ಕಡೆ ಇರುವುದರಿಂದ ಒಂದೇ ಸಲ ಓದಿದರೆ ಸಾಕು.

ಇದನ್ನು ಕಲಿಯಲು ನಿಮಗೆ ಗಣಕಯಂತ್ರವೇ ಬೇಕೆಂದಿಲ್ಲ. ಮನೆಯಲ್ಲಿ ಮುಯ್ಯಿಯ ಪುಸ್ತಕವಿದ್ದರೆ ಅದನ್ನು ತೆಗೆದುಕೊಂಡು ಕುಳಿತುಕೊಳ್ಳಿ. ನಮ್ಮಲ್ಲಿ ಅಂಥವು ನಾಲ್ಕಿವೆ: ನನ್ನ ಮದುವೆಯದು, ತಂಗಿಯದು, ಮಗನ ಉಪನಯನದ್ದು, ಮಗಳ ಮದುವೆಯದು. ಹಾಸನದ ರಂಗಣ್ಣ ಎಂದು ಒಂದರಲ್ಲಿ, ರಂಗಣ್ಣ ಮಾವ ಎಂದು ಇನ್ನೊಂದರಲ್ಲಿ, ಗಿರಣಿ ರಂಗಣ್ಣ ಎಂದು ಮತ್ತೊಂದರಲ್ಲಿ, ಮೂವರೂ ಒಬ್ಬರೇ. ಅವರು ನಮಗೆ ಒಟ್ಟು ಏನು ಮಾಡಿದ್ದಾರೆ, ನಾವು ಎಷ್ಟು ತೀರಿಸಿದ್ದೇವೆ ಎಂಬುದು ನಾಲ್ಕು ಪುಸ್ತಕ ತಿರುವಿದರೂ ಬಗೆಹರಿಯದು. ವ್ಯಕ್ತಿಗಳಿಗೆ ಒಂದು ಕೋಷ್ಟಕ, ಸಮಾರಂಭಗಳಿಗೆ ಒಂದು, ಯಾರು ಯಾವ ಸಮಾರಂಭದಲ್ಲಿ ಏನು ಮುಯ್ಯಿ ಮಾಡಿದರು ಎಂಬುದಕ್ಕೆ ಒಂದು. ವ್ಯಕ್ತಿ, ಸಮಾರಂಭ ಎರಡೂ ಕೂಡಿ ಮೂರನೆಯದಕ್ಕೆ ಕೀಲಿಯಾದೀತೆಂದುಕೊಂಡೆ. ಒಂದೇ ಮದುವೆಯಲ್ಲಿ ಸೀರೆಯನ್ನೂ ಕೊಟ್ಟು ಹಣವನ್ನೂ ಇಟ್ಟವರಿದ್ದರು. ಆದ್ದರಿಂದ ಒಂದು ಕ್ರಮಸಂಖ್ಯೆಯನ್ನು ಸೇರಿಸಬೇಕಾಯಿತು.

ಎಲ್ಲ ಮುಗಿಯಿತೆಂದು ನಮ್ಮ ಮನೆಯವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ರಂಗಣ್ಣನವರು ಈಗೆಲ್ಲಿದ್ದಾರೆ? ಹೋಗಿ ಆರು ವರ್ಷವಾಯಿತಲ್ಲ. ಮೂವರು ಮಕ್ಕಳೂ ಬೇರೆಯಾದರು. ಈ ಮುಯ್ಯಿಯನ್ನು ಯಾರಿಗೆ ತೀರಿಸುತ್ತೀರಿ?" ಎಂದರು. ನಾನು ಕಾಡ್ ಅವರನ್ನೂ ಪಾಣಿನಿಯನ್ನೂ ಮನಸ್ಸಿನಲ್ಲಿ ಕರೆದೆ, ಇಬ್ಬರೂ ಬರಲಿಲ್ಲ. "ಮುಯ್ಯಿ ಬಂದದ್ದು ಮನೆಯಿಂದ, ಒಬ್ಬರಿಂದಲ್ಲ. ಮೂರು ಮನೆಗೂ ಮಾಡಬೇಕು" ಎಂದು ಅವರೇ ತೀರ್ಪು ಕೊಟ್ಟರು. ಅಂದರೆ ನನ್ನ ಕೋಷ್ಟಕದಲ್ಲಿ ವಸ್ತುವನ್ನೇ ತಪ್ಪಾಗಿ ಗುರುತಿಸಿದ್ದೆ. ವ್ಯಕ್ತಿಯ ಜೊತೆಗೆ ಮನೆ ಎಂಬ ಕೋಷ್ಟಕ ಬೇಕು, ಮುಯ್ಯಿ ಅದಕ್ಕೆ ಸೇರಬೇಕು; ಯಾವ ಮನೆ ಯಾವ ಮನೆಯಿಂದ ಒಡೆದು ಬಂತೆಂಬುದಕ್ಕೆ ಇನ್ನೊಂದು. ಈಗ ಅದನ್ನೇ ಬರೆಯುತ್ತಿದ್ದೇನೆ. ಆ ಮೂವರಲ್ಲಿ ಕಿರಿಯವನ ಮನೆಯಲ್ಲಿ ಮುಂದಿನ ತಿಂಗಳು ನಾಮಕರಣವಿದೆ. ಅಷ್ಟರೊಳಗೆ ಪಟ್ಟಿ ಮುಗಿದಿರಬೇಕೆಂದು ಆಜ್ಞೆಯಾಗಿದೆ.